ಸ್ಟೋರಿವೀವರ್‌ನ ಕನ್ನಡ ಕಪಾಟು: ಹಂತ ನೋಡಿ ಆರಿಸಬೇಡಿ, ಒತ್ತು ಎಣಿಸಿ ಆರಿಸಿ

ಸ್ಟೋರಿವೀವರ್ ಜಾಲತಾಣ ತೆರೆದು, ಭಾಷೆ ಕನ್ನಡ ಅಂತ ಆರಿಸಿ, ‘ಹಂತ 1’ ಒತ್ತಿ, ಮೊದಲು ಸಿಕ್ಕ ಪುಸ್ತಕವನ್ನು ಐದು ವರ್ಷದ ಮಗುವಿನ ಮುಂದಿಟ್ಟು ‘ಓದು ಪುಟ್ಟಾ’ ಅಂದರೆ ಬಹಳ ಮನೆಗಳಲ್ಲಿ ಆಗುವುದು ಒಂದೇ. ಮಗು ಮೊದಲ ಪದದಲ್ಲೇ ತಡವರಿಸುತ್ತದೆ, ಚಿತ್ರ ನೋಡಿ ಏನೋ ಊಹಿಸಿ ಹೇಳುತ್ತದೆ, ಪಕ್ಕದಲ್ಲಿ ಕೂತ ದೊಡ್ಡವರು ‘ಅಕ್ಷರ ನೋಡಿ ಹೇಳು’ ಅನ್ನುತ್ತಾರೆ, ಮೂರನೇ ಪುಟಕ್ಕೆ ಮಗು ಎದ್ದು ಹೋಗುತ್ತದೆ. ಇಂಥ ಕಡೆ ಮಗುವಿನಲ್ಲಿ ಕೊರತೆ ಹುಡುಕುವ ಮೊದಲು ಆ ‘ಹಂತ 1’ ಅನ್ನುವ ಪಟ್ಟಿ ಏನನ್ನು ಅಳೆಯುತ್ತದೆ ಅಂತ ತಿಳಿದುಕೊಳ್ಳಬೇಕು. ಅದೊಂದು ಗೊತ್ತಾದರೆ, ಮನೆಯಲ್ಲಿ ಕನ್ನಡ ಓದು ಕಲಿಸುವವರಿಗೆ ಇಂದು ಪುಕ್ಕಟೆಯಾಗಿ ಸಿಗುವ ಸಾಮಗ್ರಿಯಲ್ಲಿ ಇದಕ್ಕಿಂತ ಒಳ್ಳೆಯದು ಕಾಣುವುದಿಲ್ಲ.

ಮೊದಲು ಇದು ಏನು ಅಂತ ಹೇಳಿಬಿಡೋಣ. ಪ್ರಥಮ್ ಬುಕ್ಸ್ 2004ರಲ್ಲಿ ಶುರುವಾದ, ಲಾಭದ ಉದ್ದೇಶವಿಲ್ಲದ ಮಕ್ಕಳ ಪುಸ್ತಕ ಪ್ರಕಾಶನ, ಕಚೇರಿ ಬೆಂಗಳೂರಿನಲ್ಲಿದೆ. 2015ರ ಸೆಪ್ಟೆಂಬರ್ 8ರಂದು, ಅಂದರೆ ಅಂತರರಾಷ್ಟ್ರೀಯ ಸಾಕ್ಷರತಾ ದಿನದಂದು, ತನ್ನ ಚಿತ್ರಪುಸ್ತಕಗಳನ್ನು ಎಲ್ಲರಿಗೂ ತೆರೆದಿಟ್ಟು ಸ್ಟೋರಿವೀವರ್ ಆರಂಭಿಸಿತು. ಇಲ್ಲಿ ಓದಲು ದುಡ್ಡು ಕೊಡಬೇಕಿಲ್ಲ. ಪುಸ್ತಕಗಳು ಕ್ರಿಯೇಟಿವ್ ಕಾಮನ್ಸ್‌ನ ‘ಸಿಸಿ ಬೈ 4.0’ ಪರವಾನಗಿಯಲ್ಲಿವೆ. ಅಂದರೆ ಇಳಿಸಿಕೊಳ್ಳಬಹುದು, ಮುದ್ರಿಸಬಹುದು, ಅನುವಾದಿಸಬಹುದು, ಹಂಚಬಹುದು; ಬರೆದವರ, ಚಿತ್ರ ಬಿಡಿಸಿದವರ, ಅನುವಾದಿಸಿದವರ ಹೆಸರನ್ನೂ ಪರವಾನಗಿಯ ಹೆಸರನ್ನೂ ಉಳಿಸಿಕೊಂಡು, ಏನಾದರೂ ಬದಲಿಸಿದ್ದರೆ ಅದನ್ನು ಹೇಳಿದರೆ ಸಾಕು. ಪ್ರಥಮ್ ಬುಕ್ಸ್‌ನ ಸ್ವಂತ ಪುಸ್ತಕಗಳ ಜೊತೆಗೆ ಆಫ್ರಿಕನ್ ಸ್ಟೋರಿಬುಕ್, ಬುಕ್ ಡ್ಯಾಶ್, ರೂಮ್ ಟು ರೀಡ್‌ನಂಥ ಹೊರಗಿನವರ ಪುಸ್ತಕಗಳೂ ಸಿಗುತ್ತವೆ.

ಈಗ ಹಂತದ ವಿಚಾರ. ನಾಲ್ಕು ಹಂತಗಳಿವೆ. ಒಂದನೆಯದು ಸುಮಾರು 250 ಪದದೊಳಗಿನ ಕಥೆ, ಎರಡನೆಯದು 600ರವರೆಗೆ, ಮೂರನೆಯದು 1500ರವರೆಗೆ, ನಾಲ್ಕನೆಯದು ಅದಕ್ಕೂ ಮೇಲೆ. ಪದಗಳ ಸಂಖ್ಯೆ, ವಾಕ್ಯದ ಉದ್ದ, ವಿಷಯದ ಸರಳತೆ, ಇವು ಅಳತೆಗೋಲು. ಎಲ್ಲ ಭಾಷೆಗೂ ಇದೇ ಗೋಲು. ಇಂಗ್ಲಿಷಿನಲ್ಲಿ ಓದು ಕಲಿಯುವ ಮಗುವಿನ ಮುಂದಿರುವುದು 26 ಅಕ್ಷರ. ಕನ್ನಡದ ಮಗುವಿನ ಮುಂದೆ 49 ಮೂಲಾಕ್ಷರಗಳಿವೆ, ಅದೂ ಬಾಗಿಲಷ್ಟೇ. 34 ವ್ಯಂಜನಗಳಿಗೆ ತಲೆಕಟ್ಟು, ಇಳಿ, ಗುಡಿಸು, ಕೊಂಬು ಅಂತ ಸೊನ್ನೆ, ವಿಸರ್ಗದವರೆಗೆ 15 ರೂಪ ಲೆಕ್ಕ ಹಾಕಿದರೆ ಬರೀ ಕಾಗುಣಿತವೇ 510. ಅದರ ಮೇಲೆ ಒತ್ತಕ್ಷರ. ಕನ್ನಡದಲ್ಲಿ ಓದು ಕಲಿಯುವ ಮಕ್ಕಳ ಬಗ್ಗೆ ಸಂಶೋಧಕಿ ಸೊನಾಲಿ ನಾಗ್ ಅವರು 2007ರಲ್ಲಿ ಪ್ರಕಟಿಸಿದ ಅಧ್ಯಯನವೂ ಇದನ್ನೇ ತೋರಿಸಿತು: ಇಂಗ್ಲಿಷಿನಲ್ಲಿ ಅಕ್ಷರ ಕಲಿಕೆ ಮೊದಲ ಒಂದೆರಡು ವರ್ಷಕ್ಕೆ ಮುಗಿದರೆ, ಕನ್ನಡದ ಮಕ್ಕಳಿಗೆ ಅದು ಪ್ರಾಥಮಿಕ ಶಾಲೆಯ ಮುಂದಿನ ತರಗತಿಗಳವರೆಗೂ ನಡೆಯುತ್ತಲೇ ಇರುತ್ತದೆ. ಪದ ಎಣಿಸುವ ಗೋಲಿಗೆ ಈ ಭಾರ ಕಾಣಿಸುವುದೇ ಇಲ್ಲ.

ಒಂದು ಪುಟವನ್ನು ಊಹಿಸಿಕೊಳ್ಳಿ. ಅಂಗಳದಲ್ಲಿ ಚಾಪೆ, ಚಾಪೆ ಮೇಲೆ ಹಪ್ಪಳ, ಕಂಬದ ಮೇಲೆ ಕಾಗೆ. ಕೆಳಗೆ ಬರೆದಿದೆ: ‘ಅಜ್ಜಿ ಅಂಗಳದಲ್ಲಿ ಹಪ್ಪಳ ಒಣಗಿಸುತ್ತಿದ್ದಳು. ಕಾಗೆ ಬಂತು.’ ಆರೇ ಪದ. ಯಾವ ಲೆಕ್ಕದಲ್ಲೂ ಇದು ಒಂದನೇ ಹಂತ. ಆದರೆ ಮೊದಲ ವಾಕ್ಯದ ನಾಲ್ಕು ಪದದಲ್ಲಿ ಐದು ಒತ್ತುಗಳಿವೆ: ಜ್ಜಿ, ಲ್ಲಿ, ಪ್ಪ, ತ್ತಿ, ದ್ದ. ‘ಒಣಗಿಸುತ್ತಿದ್ದಳು’ ಅನ್ನುವ ಒಂದೇ ಪದಕ್ಕೆ ಏಳು ಅಕ್ಷರ. ಮಗು ‘ಒ, ಣ, ಗಿ, ಸು…’ ಅಂತ ಬಿಡಿಸುತ್ತಾ ಕೊನೆ ಮುಟ್ಟುವಷ್ಟರಲ್ಲಿ ಶುರುವಿನದು ಮರೆತಿರುತ್ತದೆ. ಎರಡನೇ ವಾಕ್ಯವೋ, ಕಾಗುಣಿತ ಮತ್ತು ಸೊನ್ನೆ ಬಂದ ಮಗು ತಾನೇ ಓದಬಲ್ಲದು. ಒಂದೇ ಪುಟದಲ್ಲಿ ಎರಡು ಬೇರೆ ಬೇರೆ ತರಗತಿಯ ಓದು ಕೂತಿದೆ.

ಒತ್ತಿಲ್ಲದ ಪುಸ್ತಕವನ್ನೇ ಹುಡುಕೋಣ ಅಂದರೆ ಅದೂ ಆಗದು. ಅಮ್ಮ, ಅಪ್ಪ, ಅಕ್ಕ, ಅಣ್ಣ, ಅಜ್ಜ, ಬೆಕ್ಕು, ಹಣ್ಣು, ಕಣ್ಣು, ಇಲ್ಲ, ಎಲ್ಲಿ – ಮಗುವಿನ ಬಾಯಲ್ಲಿ ಮೊದಲು ಬರುವ ಮಾತುಗಳಲ್ಲೇ ಒತ್ತು ತುಂಬಿದೆ. ಆದ್ದರಿಂದ ಇಂಥ ಹತ್ತು ಹನ್ನೆರಡು ಪದಗಳನ್ನು ಬಿಡಿಸದೆ, ಇಡೀ ಪದದ ರೂಪವಾಗಿಯೇ ಗುರುತಿಸಲು ಕಲಿಸಿ. ಅಂಗೈ ಅಗಲದ ರಟ್ಟಿನ ಮೇಲೆ ದಪ್ಪ ಸ್ಕೆಚ್ ಪೆನ್ನಿನಲ್ಲಿ ‘ಅಮ್ಮ’ ಅಂತ ಬರೆದು ಬೀರುವಿಗೆ ಅಂಟಿಸಿದರೆ ವಾರದಲ್ಲಿ ಅದು ಗುರುತಾಗುತ್ತದೆ. ‘ಮ’ಕ್ಕೆ ‘ಮ’ ಒತ್ತು ಅಂತ ವಿವರಿಸುವುದು ಆಮೇಲೆ. ಒಂದೇ ಅಕ್ಷರದ ಒತ್ತು ಮೊದಲು, ‘ಹಸ್ತ’, ‘ಪುಸ್ತಕ’ದಂಥ ಬೇರೆ ಅಕ್ಷರದ ಒತ್ತು ನಂತರ, ಅರ್ಕಾವತ್ತು ಎಲ್ಲಕ್ಕಿಂತ ಕೊನೆಗೆ. ‘ಸೂರ್ಯ’ ಪದದಲ್ಲಿ ಮೊದಲು ನುಡಿಯುವ ರಕಾರ ಕೊನೆಯಲ್ಲಿ ಕೂತಿರುತ್ತದೆ. ಕಣ್ಣಿಗೆ ಕಂಡ ಸಾಲಿನಲ್ಲೇ ಹೋಗುವ ಮಗು ‘ಸೂಯರ’ ಅನ್ನುತ್ತದೆ. ಅದು ಕಂಡದ್ದನ್ನು ನಿಷ್ಠೆಯಿಂದ ಓದಿದೆ ಅಷ್ಟೆ, ಬೈಯಬೇಡಿ.

ಹಾಗಾದರೆ ಜರಡಿ ಹಿಡಿಯುವುದು ಹೇಗೆ? ಪುಸ್ತಕದ ನಡುವಿನ ಮೂರು ಪುಟ ತೆಗೆಯಿರಿ. ಪ್ರತಿ ಪುಟದಲ್ಲಿ ಒತ್ತಕ್ಷರ ಎಣಿಸಿ. ಪುಟಕ್ಕೆ ಎರಡರ ಒಳಗಿದ್ದರೆ, ಐದು ಅಕ್ಷರಕ್ಕಿಂತ ಉದ್ದದ ಪದ ಒಂದಕ್ಕಿಂತ ಹೆಚ್ಚಿಲ್ಲದಿದ್ದರೆ, ಕಾಗುಣಿತ ಕಲಿತ ಮಗುವಿಗೆ ಸ್ವಂತ ಓದಿಗೆ ಕೊಡಬಹುದು. ಮೂರರಿಂದ ಆರು ಇದ್ದರೆ ಪಾಲು ಹಾಕಿ ಓದಿ: ಭಾರದ ವಾಕ್ಯ ದೊಡ್ಡವರದು, ‘ಕಾಗೆ ಬಂತು’ ಮಗುವಿನದು. ಅದಕ್ಕೂ ಮೇಲಿದ್ದರೆ ನೀವು ಓದಿ ಹೇಳುವ ಪುಸ್ತಕ. ಇದು ಅಂದಾಜಿನ ಅಳತೆ. ಒಂದು ಒತ್ತು ಹೆಚ್ಚಾದರೆ ಪುಸ್ತಕ ಬಿಸಾಡಬೇಕಿಲ್ಲ. ಆದರೆ ಈ ಜರಡಿಯಲ್ಲಿ ಸೋಸಿ ನೋಡಿ, ಕನ್ನಡದ ಒಂದನೇ ಹಂತದ ಬಹುಪಾಲು ಪುಸ್ತಕಗಳು ‘ಪಾಲು ಓದು’ ಇಲ್ಲವೇ ‘ಓದಿ ಹೇಳು’ ಬುಟ್ಟಿಗೇ ಬೀಳುತ್ತವೆ. ಮೂರು ನಾಲ್ಕು ವರ್ಷದವರಿಗೆ ಅದರಿಂದ ಯಾವ ನಷ್ಟವೂ ಇಲ್ಲ, ಅವರಿಗೆ ಬೇಕಾದದ್ದೇ ಓದಿ ಹೇಳುವುದು. ಆರು ವರ್ಷದ, ಆಗಷ್ಟೇ ಕಾಗುಣಿತ ಹಿಡಿದ ಮಗುವಿಗೆ ಮಾತ್ರ ಈ ಕಪಾಟು ಬಡವಾಗಿದೆ. ನನ್ನ ದೊಡ್ಡ ಆಕ್ಷೇಪಣೆ ಇದೇ. ಒತ್ತಿಲ್ಲದ ಪುಸ್ತಕ, ಒಂದೇ ಅಕ್ಷರದ ಒತ್ತಿನ ಪುಸ್ತಕ ಅಂತ ಕನ್ನಡಕ್ಕೆ ಒಂದು ಬೇರೆ ಸೋಸು ಪಟ್ಟಿ ಇದ್ದಿದ್ದರೆ ತಾಯಂದಿರ ಎಷ್ಟೋ ಸಂಜೆಗಳು ಉಳಿಯುತ್ತಿದ್ದವು.

ಅಲ್ಲಿಯವರೆಗೆ ಅಕ್ಷರ ಕಲಿಕೆಗೆ ಬೇರೆ ದಾರಿ ಇಟ್ಟುಕೊಳ್ಳುವುದೇ ಸರಿ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾಗಿ ರಾಜ್ಯದ ಸರ್ಕಾರಿ ಶಾಲೆಗಳಿಗೆ ಹರಡಿದ ‘ನಲಿ-ಕಲಿ’ ಬೋಧನಾ ಪದ್ಧತಿಯ ಅಕ್ಷರ ಕ್ರಮ ಮನೆಗೂ ಚೆನ್ನಾಗಿ ಒಗ್ಗುತ್ತದೆ. ಅ ಆ ಇ ಈ ಬದಲು ರ ಗ ಸ ದ ಅ ಮೊದಲು, ಆಮೇಲೆ ಜ ವ ಮ ಬ ನ. ಮೊದಲ ಐದಕ್ಕೇ ಸರ, ರಸ, ದರ, ಅರಸ, ಅಗಸ, ಗರಗಸ ಓದಬಹುದು. ಎರಡನೇ ಗುಂಪು ಸೇರಿದರೆ ಮರ, ಜನ, ವನ, ಬಸವ, ಗಮನ. ಐದು ಅಕ್ಷರ ಕಲಿತ ಮಗು ಆ ವಾರವೇ ಪದ ಓದುತ್ತದೆ. ವರ್ಣಮಾಲೆಯ ಸಾಲಿನಲ್ಲಿ ಹೋದರೆ ಸ್ವರವೆಲ್ಲ ಮುಗಿದರೂ ಓದಲು ಒಂದು ಪದ ಸಿಗುವುದು ಕಷ್ಟ. ಇದಕ್ಕೆ ಸ್ಟೋರಿವೀವರ್ ಪುಸ್ತಕವನ್ನು ಬೇಟೆಯ ಕಾಡಾಗಿ ಬಳಸಿ. ಒಂದು ಪುಟ ತೋರಿಸಿ, ‘ಇದರಲ್ಲಿ ಸ ಎಲ್ಲೆಲ್ಲಿದೆ?’ ಅನ್ನಿ. ಕಡಲೆಕಾಳು ಕೊಟ್ಟು ಸಿಕ್ಕಿದ ಕಡೆಯೆಲ್ಲ ಇಡಿಸಿ. ವ ಮತ್ತು ಮ, ಪ ಮತ್ತು ಷ, ದ ಮತ್ತು ಧ ಒಂದೇ ದಿನ ಹುಡುಕಿಸಬೇಡಿ. ಒಂದು ಗಟ್ಟಿಯಾಗಿ ಒಂದೆರಡು ವಾರ ಕಳೆದ ಮೇಲೆ ಅದರ ಜೋಡಿ ಬರಲಿ.

ಓದಿ ಹೇಳುವ ಕ್ರಮಕ್ಕೆ ಬರೋಣ. ದಿನಕ್ಕೆ ಹತ್ತು ಹದಿನೈದು ನಿಮಿಷ ಸಾಕು, ಆದರೆ ಒಂದೇ ಪುಸ್ತಕ ನಾಲ್ಕೈದು ದಿನ ನಡೆಯಬೇಕು. ಸಾವಿರಾರು ಪುಸ್ತಕ ಒಂದೆಡೆ ಇರುವ ಕಡೆ ದಿನಕ್ಕೆ ಐದು ಪುಸ್ತಕ ತಿರುವಿ ಮುಗಿಸುವ ಆಸೆ ಹುಟ್ಟುತ್ತದೆ. ಆ ಆಸೆಯೇ ಇಲ್ಲಿ ದೊಡ್ಡ ಅಪಾಯ. ಮೊದಲ ದಿನ ನಿಮ್ಮ ಮನೆಮಾತಿನಲ್ಲೇ ಕಥೆ ಹೇಳಿ. ‘ಒಣಗಿಸುತ್ತಿದ್ದಳು’ ಅನ್ನುವುದು ‘ಅಜ್ಜಿ ಹಪ್ಪಳ ಒಣಗಿಸ್ತಾ ಇದ್ರು’ ಆಗಲಿ; ಧಾರವಾಡದ ಮನೆಯಾದರೆ ‘ಒಣಗ್ಸಾಕತ್ತಿದ್ಲು’ ಆಗಲಿ. ಕಥೆ ಮನಸ್ಸಿಗೆ ಇಳಿಯುವುದು ಮನೆಮಾತಿನಲ್ಲಿ. ಎರಡನೇ ದಿನದಿಂದ ಅಚ್ಚಿನಲ್ಲಿ ಇದ್ದಂತೆಯೇ, ಪದದ ಕೆಳಗೆ ಬೆರಳು ಆಡಿಸುತ್ತಾ ಓದಿ. ಬೆರಳು ‘ಒಣಗಿಸುತ್ತಿದ್ದಳು’ ಕೆಳಗಿದ್ದು ಬಾಯಿ ಬೇರೆ ಹೇಳಿದರೆ ಮಗುವಿಗೆ ಅಕ್ಷರಕ್ಕೂ ನುಡಿಗೂ ಇರುವ ಗಂಟು ಸಡಿಲವಾಗುತ್ತದೆ. ಬೆರಳು ಅಕ್ಷರದ ಮೇಲೆ ಬೇಡ, ಕೆಳಗೆ ಇರಲಿ. ಮೇಲಿಟ್ಟರೆ ಒತ್ತು ಮುಚ್ಚಿಹೋಗುತ್ತದೆ.

ನಡುವೆ ಪ್ರಶ್ನೆ ಕೇಳಬೇಕು, ಆದರೆ ಪರೀಕ್ಷೆಯಂತಲ್ಲ. ‘ಕಾಗೆ ಯಾಕೆ ಬಂತು?’ ಅಂತ ಕೇಳಿ. ಮಗು ‘ತಿನ್ನೋಕೆ’ ಅಂದರೆ, ‘ಹೌದು, ಹಪ್ಪಳ ಕದ್ದು ತಿನ್ನೋಕೆ ಬಂತು’ ಅಂತ ಒಂದೆರಡು ಪದ ಬೆಳೆಸಿ ಹೇಳಿ, ಮಗುವಿನ ಬಾಯಲ್ಲೂ ಒಮ್ಮೆ ಹೇಳಿಸಿ. ಪುಟಕ್ಕೆ ಒಂದು ಪ್ರಶ್ನೆ ಧಾರಾಳವಾಯಿತು. ಪ್ರತಿ ಪದಕ್ಕೂ ‘ಇದು ಏನು, ಅದು ಏನು’ ಅಂತ ನಿಲ್ಲಿಸಿದರೆ ಕಥೆಯ ಎಳೆ ಹರಿಯುತ್ತದೆ. ಪುಸ್ತಕ ಮುಚ್ಚಿದ ಮೇಲೆ ಎರಡು ನಿಮಿಷ ಚಪ್ಪಾಳೆ ಆಟ ಆಡಿಸಿ: ಹ-ಪ್ಪ-ಳ, ಮೂರು ಚಪ್ಪಾಳೆ, ಕಾ-ಗೆ, ಎರಡು. ಕನ್ನಡದ ಮಗುವಿಗೆ ಮಾತನ್ನು ಅಕ್ಷರ ಅಕ್ಷರವಾಗಿ ಒಡೆಯುವುದು ಬೇಗ ಬರುತ್ತದೆ. ‘ಕ್’ ಬೇರೆ, ‘ಅ’ ಬೇರೆ ಅಂತ ಇನ್ನೂ ಸಣ್ಣಗೆ ಸೀಳುವುದು ತಡವಾಗಿ ಬರುವಂಥದ್ದು. ಇಂಗ್ಲಿಷಿನ ಫೋನಿಕ್ಸ್ ಹಾಳೆಗಳನ್ನು ನೋಡಿ ನಾಲ್ಕು ವರ್ಷದವರಿಗೆ ಅದನ್ನು ಹೇರುವುದು ವ್ಯರ್ಥ ಶ್ರಮ. ಮಂಡ್ಯ, ಮೈಸೂರು ಕಡೆಯ ಮನೆಯಲ್ಲಿ ‘ಹಾಲು’ ಕಂಡು ಮಗು ‘ಆಲು’ ಅಂದರೆ ಅದು ಓದಿನ ತಪ್ಪಲ್ಲ, ಮನೆಯ ಉಚ್ಚಾರ. ಅರ್ಥ ಸರಿಯಾಗಿದ್ದರೆ ಮುಂದೆ ಹೋಗಿ. ಬರೆಯುವ ಹೊತ್ತಿಗೆ ಹ ತೋರಿಸಿದರಾಯಿತು.

ಅನುವಾದದ ಗುಣಮಟ್ಟದ ಬಗ್ಗೆ ಎಚ್ಚರ ಇರಲಿ. ಸ್ಟೋರಿವೀವರ್‌ನಲ್ಲಿ ಯಾರು ಬೇಕಾದರೂ ಅನುವಾದಿಸಿ ಪ್ರಕಟಿಸಬಹುದು. ಆ ಬಾಗಿಲು ತೆರೆದಿರುವುದರಿಂದಲೇ ಕಪಾಟು ಇಷ್ಟು ತುಂಬಿದೆ, ಅದರಿಂದಲೇ ಕೆಲವು ಪುಸ್ತಕಗಳ ಕನ್ನಡ ಕನ್ನಡದಂತೆ ಕೇಳುವುದೂ ಇಲ್ಲ. ‘ಅವನಿಂದ ಚೆಂಡು ಎಸೆಯಲ್ಪಟ್ಟಿತು’ ಥರದ ವಾಕ್ಯ, ಪ್ರತಿ ಸಾಲಿಗೂ ‘ಅವನು ತನ್ನ’, ‘ಅವಳು ತನ್ನ’, ಇವು ಕಂಡರೆ ಬಿಟ್ಟು ಮುಂದೆ ಹೋಗಿ. ಸೋಸು ಪಟ್ಟಿಯಲ್ಲಿ ಪ್ರಕಾಶಕರ ಹೆಸರಿನಿಂದ ಹುಡುಕುವ ಸೌಲಭ್ಯ ಇದೆ. ಮೊದಮೊದಲು ಪ್ರಥಮ್ ಬುಕ್ಸ್ ಪ್ರಕಟಣೆಗಳಿಗೇ ಸೀಮಿತವಾಗಿರಿ, ಸಂಪಾದಕರ ಕೈ ದಾಟಿ ಬಂದ ಕನ್ನಡ ಅಲ್ಲಿ ಹೆಚ್ಚು. ಗಟ್ಟಿಯಾಗಿ ಒಂದು ಪುಟ ಓದಿ ನೋಡಿ. ನಿಮ್ಮ ನಾಲಿಗೆಯೇ ಎಡವಿದರೆ ಮಗುವಿಗೆ ಆ ಪುಸ್ತಕ ಬೇಡ.

ಪದಗಳೇ ಇಲ್ಲದ ಚಿತ್ರಪುಸ್ತಕಗಳೂ ಇಲ್ಲಿವೆ. ಅವನ್ನು ಹೆಚ್ಚಿನವರು ದಾಟಿ ಹೋಗುತ್ತಾರೆ, ನಾನು ಮಾತ್ರ ಅವನ್ನೇ ಮೊದಲು ಆರಿಸುತ್ತೇನೆ. ಎರಡೂವರೆ ವರ್ಷದ ಮಗು ಚಿತ್ರ ನೋಡಿ ಹೇಳಿದ್ದನ್ನು ಚೀಟಿಯಲ್ಲಿ ಅದೇ ಮಾತಿನಲ್ಲಿ ಬರೆದು ಪುಟಕ್ಕೆ ಅಂಟಿಸಿ, ಮರುದಿನ ಓದಿ ಹೇಳಿ. ತಾನು ಆಡಿದ ಮಾತು ಕಾಗದದಲ್ಲಿ ಕೂತು ಮತ್ತೆ ಬಾಯಿಗೆ ಬಂದದ್ದು ಕಂಡಾಗ ಮಗುವಿಗೆ ಬರಹ ಅಂದರೆ ಏನು ಅಂತ ಅರಿವಾಗುತ್ತದೆ. ಹೊರದೇಶದಲ್ಲಿರುವ ಕನ್ನಡದ ಮನೆಗಳಿಗೆ ಇದು ಇನ್ನೂ ಉಪಯುಕ್ತ. ಜೊತೆಗೆ ಒಂದೇ ಕಥೆ ಬೇರೆ ಬೇರೆ ಭಾಷೆಯಲ್ಲಿ ಸಿಗುವುದರಿಂದ, ಶಾಲೆಯ ಭಾಷೆಯಲ್ಲಿ ಓದಿದ ಕಥೆಯನ್ನೇ ಮರುದಿನ ಕನ್ನಡದಲ್ಲಿ ಓದಿ ಹೇಳಬಹುದು. ಕಥೆ ಗೊತ್ತಿರುವುದರಿಂದ ಹೊಸ ಪದದ ಅರ್ಥ ತಾನಾಗಿ ಹತ್ತುತ್ತದೆ.

ದನಿಯ ಜೊತೆ ಪದ ಬಣ್ಣ ತಳೆಯುತ್ತಾ ಸಾಗುವ ‘ರೀಡ್‌ಅಲಾಂಗ್’ ವಿಡಿಯೊಗಳ ಬಗ್ಗೆ ಎರಡೇ ಮಾತು. ಕಥೆ ಗೊತ್ತಾದ ಮೇಲೆ ಒಳ್ಳೆಯದು, ಮೊದಲ ಓದಿಗೆ ಬೇಡ. ಮಗು ನೋಡುವುದು ಕುಣಿಯುವ ಚಿತ್ರವನ್ನು, ಅಕ್ಷರವನ್ನಲ್ಲ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಕೊಟ್ಟ ಸಲಹೆಯೂ ನೆನಪಿರಲಿ: ಎರಡರಿಂದ ನಾಲ್ಕು ವರ್ಷದವರಿಗೆ ಕೂತು ಪರದೆ ನೋಡುವುದು ದಿನಕ್ಕೆ ಒಂದು ಗಂಟೆ ಮೀರಬಾರದು, ಕಡಿಮೆಯಾದಷ್ಟೂ ಒಳ್ಳೆಯದು.

ಆದ್ದರಿಂದ ಮುದ್ರಿಸಿ. ಈ ಪರವಾನಗಿಯ ನಿಜವಾದ ಲಾಭ ಇಲ್ಲಿದೆ. ಇಳಿಸಿಕೊಳ್ಳುವಾಗ ಪಿಡಿಎಫ್ ಆರಿಸಿ. ಇ-ಪಬ್ ತೆಗೆದುಕೊಂಡರೆ ಕೆಲವು ಹಳೆಯ ಆ್ಯಪ್‌ಗಳಲ್ಲಿ ಒತ್ತಕ್ಷರ ಒಡೆದು ಕಾಣುತ್ತದೆ. ಮುದ್ರಣಕ್ಕೆ ಹೆಚ್ಚು ಸ್ಪಷ್ಟತೆಯ ಪಿಡಿಎಫ್, ಫೋನಿಗೆ ಕಡಿಮೆಯದು. ಅಡ್ಡ ಪುಟದ ಪುಸ್ತಕವಾದರೆ ಜೆರಾಕ್ಸ್ ಅಂಗಡಿಯವರಿಗೆ ಹೀಗೆ ಹೇಳಿ: ಎ4 ಹಾಳೆ ಉದ್ದಕ್ಕೆ, ಹಾಳೆಗೆ ಎರಡು ಪುಟ ಒಂದರ ಕೆಳಗೊಂದು, ‘ಫಿಟ್’ ಆಯ್ಕೆ ಹಾಕಿ, ಒಂದೇ ಬದಿ ಮುದ್ರಣ. ‘ಫಿಟ್’ ಹಾಕದಿದ್ದರೆ ಅಂಚಿನ ಸಾಲು ಕತ್ತರಿಸಿಹೋಗುವ ಅಪಾಯ ಇದೆ. 16 ಪುಟದ ಪುಸ್ತಕಕ್ಕೆ 8 ಹಾಳೆ. ನಡುವಿಗೆ ಕತ್ತರಿಸಿ, ಎಡಗಡೆ ಒಂದು ಸೆಂಟಿಮೀಟರ್ ಬಿಟ್ಟು ಎರಡು ಪಿನ್ನು ಹೊಡೆದು, ಪಿನ್ನಿನ ಮೇಲೆ ಟೇಪು ಸುತ್ತಿ, ಇಲ್ಲದಿದ್ದರೆ ಬೆರಳಿಗೆ ಚುಚ್ಚುತ್ತದೆ.

ಕಾಗದ ಉಳಿಸಲು ಎರಡೂ ಬದಿ ಮುದ್ರಿಸಿದರೆ ಕೆಡುತ್ತದೆ. ಒಂದು ಬದಿಗೆ 1 ಮತ್ತು 2, ಹಿಂಬದಿಗೆ 3 ಮತ್ತು 4 ಬರುತ್ತದೆ. ಕತ್ತರಿಸಿದಾಗ 1ರ ಬೆನ್ನಿಗೆ 3, 2ರ ಬೆನ್ನಿಗೆ 4 ಇರುತ್ತದೆ, ಕಥೆ ಹಿಂದುಮುಂದು. ಒಂದೇ ಬದಿ ಇದ್ದರೆ ಖಾಲಿ ಬೆನ್ನು ಮಗುವಿಗೆ ಸಿಗುತ್ತದೆ: ಅಲ್ಲಿ ಚಿತ್ರ ಬಿಡಿಸಲಿ, ಆ ಪುಟದಿಂದ ತನಗೆ ಬಂದ ಒಂದು ಪದ ಬರೆಯಲಿ. ಕಪ್ಪು ಬಿಳುಪಿನಲ್ಲಿ ತೆಗೆಸುವುದಾದರೆ ಇರುಳಿನ, ಕಾಡಿನ ಚಿತ್ರವಿರುವ ಪುಸ್ತಕ ಬೇಡ, ಮಸಿಯ ಮುದ್ದೆಯಾಗುತ್ತದೆ. ಕೊನೆಯಲ್ಲಿ ಹೆಸರು, ಪರವಾನಗಿಯ ಪುಟಗಳಿರುತ್ತವೆ. ಮನೆಗಷ್ಟೇ ಆದರೆ ಬಿಡಬಹುದು, ಅಂಗನವಾಡಿಗೋ ಅಕ್ಕಪಕ್ಕದ ಮಕ್ಕಳಿಗೋ ಹಂಚುವುದಾದರೆ ಅವನ್ನೂ ಸೇರಿಸಲೇಬೇಕು.

ಫೋನಿನಲ್ಲೇ ಓದಬೇಕಾದರೆ ಅಡ್ಡ ಹಿಡಿಯಿರಿ. ನೆಟ್ಟಗೆ ಹಿಡಿದರೆ ಅಕ್ಷರ ಎಳ್ಳಿನಷ್ಟಾಗಿ ಒತ್ತು ಕಾಣುವುದಿಲ್ಲ.

ಬರವಣಿಗೆ ಅಭ್ಯಾಸಕ್ಕೆ ಈ ಕಪಾಟನ್ನು ನಂಬಬೇಡಿ, ಅದಕ್ಕೆ ಸ್ಲೇಟು ಬಳಪವೇ ಸರಿ. ಎರಡರಿಂದ ಐದು ವರ್ಷದವರಿಗೆ ಓದಿ ಹೇಳಲು ಐದಕ್ಕೆ ಐದು ಅಂಕ ಕೊಡುತ್ತೇನೆ. ಏಳು ದಾಟಿ ಒತ್ತು ಹಿಡಿತಕ್ಕೆ ಬಂದವರಿಗೆ ಎರಡನೇ, ಮೂರನೇ ಹಂತದಲ್ಲಿ ವರ್ಷಗಟ್ಟಲೆ ಓದುವಷ್ಟಿದೆ, ಅಲ್ಲಿಗೆ ನಾಲ್ಕೂವರೆ. ನಡುವಿನ ಆರು ವರ್ಷದವರ ಸ್ವಂತ ಓದಿಗೆ ಎರಡೂವರೆ ಮಾತ್ರ. ಆ ಒಂದು ವರ್ಷಕ್ಕೆ ಒಂದನೇ ತರಗತಿಯ ಪಠ್ಯದ ಸರಳ ಪದಗಳು, ಹತ್ತಿರದ ಗ್ರಾಮ ಪಂಚಾಯಿತಿ ಗ್ರಂಥಾಲಯದಲ್ಲಿ ಸಿಕ್ಕ ದೊಡ್ಡಕ್ಷರದ ಪುಸ್ತಕಗಳು, ಜೊತೆಗೆ ಮಗುವಿನ ಮಾತನ್ನೇ ಬರೆದು ಹೊಲಿದ ಮನೆಯ ಪುಸ್ತಕ ಇರಲಿ. ಸ್ಟೋರಿವೀವರ್‌ನಲ್ಲಿ ಹೊಸ ಕಥೆ ಕಟ್ಟುವ ಸೌಲಭ್ಯ ಇದ್ದೇ ಇದೆ: ಅಲ್ಲಿರುವ ಚಿತ್ರಗಳಿಂದ ಹತ್ತು ಆರಿಸಿ, ಪುಟಕ್ಕೊಂದರಂತೆ ‘ಮರದ ಮೇಲೆ ಕಾಗೆ’, ‘ಕಾಗೆಗೆ ಹಸಿವು’ ಅಂತ ಒತ್ತಿಲ್ಲದ ಎರಡು ಮೂರು ಪದ ಬರೆದರೆ ಒಂದು ಸಂಜೆಯಲ್ಲಿ ಪುಸ್ತಕ ಸಿದ್ಧ. ಪ್ರಕಟಿಸಿಬಿಟ್ಟರೆ ಪಕ್ಕದ ಊರಿನ ಆರು ವರ್ಷದ ಮಗುವಿಗೂ ಅದು ಸಿಗುತ್ತದೆ.